ಬೇಡ ಅಂದ ಕೈಗವಸು

ಬಸವನಗುಡಿಯಲ್ಲಿ ಹಿಮ ಬೀಳುವುದಿಲ್ಲ. ಆದರೂ ಸ್ಕೀ ಮೇಲೆ ನಿಲ್ಲುವುದನ್ನು ಅರ್ಧದಷ್ಟಾದರೂ ನಾನು ಇಲ್ಲೇ ಕಲಿತೆ ಎಂದು ಧೈರ್ಯವಾಗಿ ಹೇಳಬಲ್ಲೆ. ದೊಡ್ಡ ಬಸವಣ್ಣನ ಗುಡಿಯ ಪಕ್ಕದ ಇಳಿಜಾರಿನಲ್ಲಿ, ಹಾಲಿನ ವ್ಯಾನು ಹೋಗಿ ಶಾಲೆಯ ವ್ಯಾನುಗಳು ಇನ್ನೂ ಬಾರದ ಹೊತ್ತಿನಲ್ಲಿ, ನಾನೂ ನನ್ನ ಗೆಳತಿಯೂ ಗಾಲಿ ಸ್ಕೀ ಕಟ್ಟಿಕೊಂಡು ಹತ್ತಿ ಇಳಿಯುತ್ತಿದ್ದೆವು. ಗಾಲಿ ಸ್ಕೀ ಎಂದರೆ ಮೊಳದುದ್ದದ ಎರಡು ಅಲ್ಯೂಮಿನಿಯಂ ಪಟ್ಟಿ. ಮುಂದೊಂದು ಹಿಂದೊಂದು ರಬ್ಬರ್ ಗಾಲಿ. ಕೈಯಲ್ಲಿ ಎರಡು ಕೋಲು. ವಾಕಿಂಗಿಗೆ ಬರುತ್ತಿದ್ದ ಹಿರಿಯರೊಬ್ಬರು ಮೊದಲ ವಾರ ನಮ್ಮನ್ನು ನೋಡಿಯೂ ನೋಡದಂತೆ ಹೋದರು. ಎರಡನೇ ವಾರ ನಿಂತರು.

"ಇದಕ್ಕೆ ಬ್ರೇಕ್ ಎಲ್ಲಿದೆಯಮ್ಮಾ?"

ಇಲ್ಲ ಅಂದೆ.

"ಮನೇಲಿ ಗೊತ್ತಾ?"

ಮನೆಯಲ್ಲಿ ಗೊತ್ತಿತ್ತು. ಅಮ್ಮನಿಗೆ ಇದರಲ್ಲಿ ಸಮಾಧಾನದ ಸಂಗತಿ ಒಂದೇ: ಜೊತೆಗಿರುವವಳು ಡಾಕ್ಟರು. ಅವಳು ಹಲ್ಲಿನ ಡಾಕ್ಟರು ಎಂದು ನಾನು ನೆನಪಿಸಿದಾಗ, ಮುಗ್ಗರಿಸಿದರೆ ಮೊದಲು ಹೋಗುವುದು ಹಲ್ಲೇ ತಾನೆ, ಅಷ್ಟಾದರೂ ಉಳಿಯುತ್ತದೆ ಅಂದರು.

ನಾನು ಮಲ್ಲೇಶ್ವರದ ಒಂದು ಪ್ರಯೋಗಾಲಯದಲ್ಲಿ ಮಣ್ಣು ಪರೀಕ್ಷೆಯ ಕೆಲಸ ಮಾಡುತ್ತೇನೆ. ಕಟ್ಟಡ ಏಳುವ ಮೊದಲು ಅಲ್ಲಿನ ಮಣ್ಣು ಎಷ್ಟು ಭಾರ ತಾಳುತ್ತದೆ, ಎಷ್ಟು ಓರೆಯಾದರೆ ಕುಸಿಯುತ್ತದೆ ಎಂದು ಅಳೆದು ಬರೆದುಕೊಡುವುದು. ಅಳೆದು ಬರೆಯುವ ಚಟ ಈ ಕೆಲಸಕ್ಕಿಂತ ಹಳೆಯದು. ಹೈಸ್ಕೂಲಿನಿಂದ ದಿನಚರಿ ಇಟ್ಟಿದ್ದೇನೆ. ಅದರಲ್ಲಿ ಮನಸ್ಸಿನ ಮಾತು ಕಡಿಮೆ, ಲೆಕ್ಕ ಜಾಸ್ತಿ. ಗಾಲಿ ಸ್ಕೀ ದಿನಗಳ ಪುಟಗಳಲ್ಲಿ ದಿನಾಂಕ, ಹತ್ತಿದ ಸುತ್ತು, ಬಿದ್ದ ಸಲ, ಬಿದ್ದವರು ಯಾರು ಎಂಬಿಷ್ಟೇ ಇದೆ. ಬಿದ್ದವರ ಸಾಲಿನಲ್ಲಿ ಗೆಳತಿಯ ಹೆಸರೇ ಹೆಚ್ಚು. ಬರೆಯುವವಳು ನೀನಾದರೆ ಬೀಳುವವಳು ನಾನೇ ಆಗಬೇಕಲ್ಲ ಎಂದು ಅವಳ ವಾದ.

ಅವಳದು ಚಾಮರಾಜಪೇಟೆ. ಮನೆಯವರು ನಾಲ್ಕು ತಲೆಮಾರಿನಿಂದ ಕಾಟನ್‌ಪೇಟೆಯಲ್ಲಿ ಹತ್ತಿಯ ಸಗಟು ವ್ಯಾಪಾರ ಮಾಡಿಕೊಂಡು ಬಂದವರು. ತಂದೆ ಈಗಲೂ ಬೆಳಗಿನ ಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ಅಂಗಡಿಯ ಬಾಗಿಲು ತೆಗೆಯುತ್ತಾರೆ. ಮನೆಯ ಮುಂದಿನ ಕೋಣೆಯನ್ನು ಮಗಳಿಗೆ ಕ್ಲಿನಿಕ್ ಮಾಡಿಕೊಟ್ಟು ಆಗ ವರ್ಷವಾಗಿತ್ತಷ್ಟೆ. ಹುಡುಗಿಯ ಕೈ ಹಗುರ ಎಂಬ ಮಾತು ಆ ಬೀದಿಯಿಂದ ಪಕ್ಕದ ಬೀದಿಗೆ ದಾಟುತ್ತಿದ್ದ ಕಾಲ. ಹಲ್ಲಿನ ಕೆಲಸದಲ್ಲಿ ಕಣ್ಣು ಆಮೇಲೆ, ಮೊದಲು ಬೆರಳು ಎಂದು ಅವಳು ಹೇಳುತ್ತಿದ್ದಳು. ಕೊಕ್ಕೆಯಂಥ ಸಣ್ಣ ಕಡ್ಡಿಯನ್ನು ಹಲ್ಲಿನ ಮೇಲೆ ಎಳೆದಾಗ ಎಲ್ಲಿ ನುಣುಪು, ಎಲ್ಲಿ ಮೆತ್ತಗೆ, ಎಲ್ಲಿ ತುದಿ ಸಿಕ್ಕಿಕೊಳ್ಳುತ್ತದೆ ಎನ್ನುವುದು ಬಲಗೈಯ ಬೆರಳ ತುದಿಗೆ ಗೊತ್ತಾಗಬೇಕು. ಹೆಬ್ಬೆರಳಿನ ಜೊತೆಗೆ ಇನ್ನೆರಡು ಬೆರಳು, ಅಷ್ಟೇ ಬಂಡವಾಳ.

ಅವಳ ತಂದೆಗೆ ನಮ್ಮ ಹಿಮದ ಹುಚ್ಚಿನ ಬಗ್ಗೆ ಬೇಸರವಿರಲಿಲ್ಲ, ಅಭಿಪ್ರಾಯವಿತ್ತು. ಚಳಿಗೆ ಹತ್ತಿಯನ್ನು ಮೀರಿದ್ದು ಇಲ್ಲ ಎಂಬುದು ಅವರ ನಂಬಿಕೆ. ಹಿಮದಲ್ಲಿ ಮೊದಲ ಪಾಠವೇ ಮೈಮೇಲೆ ಹತ್ತಿ ಇರಬಾರದು ಎಂಬುದು: ಅದು ಬೆವರು ಕುಡಿದು ಒದ್ದೆಯಾಗುತ್ತದೆ, ಒದ್ದೆಯಾದ ಮೇಲೆ ಮೈಯ ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. ಈ ಮಾತನ್ನು ಕಾಟನ್‌ಪೇಟೆಯ ಅಂಗಡಿಯಲ್ಲಿ ನಿಂತು ಹೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ. ಹೊರಡುವ ಹಿಂದಿನ ದಿನ ಅವರು ಕೊಟ್ಟ ಎರಡು ದಪ್ಪ ಹತ್ತಿಯ ಬನಿಯನ್ನುಗಳನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡೆವು, ನಮ್ಮ ಮನೆಯ ಬೀರುವಿನಲ್ಲಿಟ್ಟು ಹೋದೆವು.

ಅದು ನಮ್ಮ ಮೂರನೇ ಚಳಿಗಾಲ. ಮೊದಲ ಎರಡು ವರ್ಷ ಹಿಮಾಚಲದಲ್ಲಿ ತರಬೇತಿ ಮುಗಿಸಿದ್ದೆವು, ಮೊದಲು ಆರಂಭದ್ದು, ಆಮೇಲೆ ಮುಂದಿನದು. ಈ ಸಲ ಫೆಬ್ರವರಿಯಲ್ಲಿ ಇಬ್ಬರೇ ಹೋದೆವು. ಕೇಬಲ್ ಕಾರು, ಎಳೆಯುವ ಹಗ್ಗ ಯಾವುದೂ ಇಲ್ಲದ ಕಣಿವೆ. ಇಂಥ ಕಡೆ ಸ್ಕೀಯ ಅಡಿಗೆ ಒಂದು ಪಟ್ಟಿ ಅಂಟಿಸಿಕೊಳ್ಳುತ್ತಾರೆ. ಬೆಕ್ಕಿನ ಬೆನ್ನು ಸವರಿದ ಹಾಗೆ ಅದರ ಕೂದಲು ಮುಂದಕ್ಕೆ ನುಣುಪು, ಹಿಂದಕ್ಕೆ ತಡೆ. ಆದ್ದರಿಂದ ಹಿಂದೆ ಜಾರದೆ ಗುಡ್ಡ ಹತ್ತಬಹುದು. ಮೇಲೆ ಹೋಗಿ ಪಟ್ಟಿ ಕಿತ್ತು ಜೇಬಿಗಿಟ್ಟುಕೊಂಡರೆ ಇಳಿಯುವ ದಾರಿಯೆಲ್ಲ ನಿಮ್ಮದು. ನಮ್ಮ ಗುರಿ ಕಣಿವೆಯ ತಲೆಯಲ್ಲಿದ್ದ ಒಂದು ತಗ್ಗು ಬೆನ್ನು, ಎರಡು ಶಿಖರಗಳ ನಡುವೆ ಕುದುರೆಯ ಜೀನಿನಂತೆ ಬಾಗಿದ ಜಾಗ. ಹಿಂದಿನ ವರ್ಷ ಮಾರ್ಗದರ್ಶಿಯ ಜೊತೆ ಅದರ ಕಾಲಬುಡದವರೆಗೆ ಹೋಗಿದ್ದೆ. ದಾರಿಯ ಓರೆಯನ್ನು ಅಳೆದಿದ್ದೆ. ಹಿಮ ಕುಸಿಯುವಷ್ಟು ಕಡಿದಾದ ಜಾಗಗಳನ್ನೆಲ್ಲ ಬಿಟ್ಟು ಹೋಗುವ ಗೆರೆಯನ್ನು ನಕ್ಷೆಯಲ್ಲಿ ಎಳೆದಿದ್ದೆ. ಅರ್ಧ ದಾರಿಯಲ್ಲಿ ದೇವದಾರು ಮರಗಳ ನಡುವೆ ಕುರುಬರು ಬೇಸಿಗೆಯಲ್ಲಿ ಉಳಿಯುವ ಒಂದು ಕಲ್ಲಿನ ಗುಡಿಸಲಿದೆ, ಚಳಿಗಾಲದಲ್ಲಿ ಖಾಲಿ. ತಿರುಗುವ ಹೊತ್ತನ್ನೂ ನಿಗದಿ ಮಾಡಿದ್ದೆವು: ಮಧ್ಯಾಹ್ನ ಒಂದಾದರೆ ಎಲ್ಲಿದ್ದರೂ ಇಳಿಯುವುದು.

ಕೆಳಗಿನ ಹಳ್ಳಿಯಲ್ಲಿ ನಾವು ಉಳಿದಿದ್ದ ಮನೆಯ ಯಜಮಾನರು ಬೆಳಗ್ಗೆ ಬಾಗಿಲಲ್ಲಿ ನಿಂತು ಮೋಡ ನೋಡಿ, ಸಂಜೆಗೆ ಕೆಡುತ್ತದೆ ಅಂದರು. ಫೋನಿನ ಮುನ್ಸೂಚನೆಯೂ ಸಂಜೆಗೆ ಎಂದಿತ್ತು. ಇಬ್ಬರೂ ಹೇಳಿದ್ದಕ್ಕಿಂತ ಹವೆ ಬೇಗ ಬಂತು.

ಗುಡಿಸಲು ದಾಟುವಾಗ ಎಲ್ಲ ಸರಿಯಾಗಿತ್ತು. ನಾನು ಮುಂದೆ, ಅವಳು ಹಿಂದೆ. ಅವಳು ಹಿಂದಿನಿಂದ ತನ್ನ ರೋಗಿಯೊಬ್ಬರ ಕಥೆ ಹೇಳುತ್ತಿದ್ದಳು. ನಗರ್ತಪೇಟೆಯಿಂದ ಬರುವ ಅವರು ಕುರ್ಚಿಯಲ್ಲಿ ಕೂತ ಕೂಡಲೇ ತಮ್ಮ ಅಂಗಡಿಯ ಪಾತ್ರೆಗಳ ಗುಣಗಾನ ಶುರು ಮಾಡುತ್ತಾರಂತೆ, ಬಾಯೊಳಗೆ ಕನ್ನಡಿ ಇಟ್ಟರೂ ನಿಲ್ಲಿಸುವುದಿಲ್ಲವಂತೆ. ಮರಗಳು ಮುಗಿದು ಬಯಲು ಇಳಿಜಾರು ಶುರುವಾದ ಹಾಗೆ ಕಥೆ ನಿಂತಿತು. ಗಾಳಿ ಎದುರಿಗೆ ತಿರುಗಿತ್ತು. ಮೊದಲು ಶಿಖರಗಳು ಹೋದವು, ಆಮೇಲೆ ನಾವು ಹೋಗಬೇಕಿದ್ದ ತಗ್ಗು ಬೆನ್ನು ಹೋಯಿತು. ಸಣ್ಣ, ಒಣ, ಸಕ್ಕರೆಯಂಥ ಹಿಮ ಅಡ್ಡಡ್ಡ ಹೊಡೆಯತೊಡಗಿತು. ಗಂಟೆ ಇನ್ನೂ ಹನ್ನೊಂದೂವರೆ. ನನಗೆ ಹೆದರಿಕೆ ಆಗಲಿಲ್ಲ. ನಾವಿದ್ದ ಇಳಿಜಾರು ಎಷ್ಟು ಓರೆ, ಅದರ ಕೆಳಗೆ ಏನಿದೆ, ಹಿಂದಿರುಗಲು ಯಾವ ದಿಕ್ಕು ಹಿಡಿಯಬೇಕು ಎಲ್ಲ ನನಗೆ ಗೊತ್ತಿತ್ತು. ತಿರುಗುವ ಗಂಟೆಯೂ ಇನ್ನೂ ದೂರವಿತ್ತು.

ಆಗ ಅವಳ ಎಡಗಾಲಿನ ಸ್ಕೀಯ ಅಡಿಯ ಪಟ್ಟಿ ತುದಿಯಲ್ಲಿ ಬಿಟ್ಟುಕೊಂಡಿತು. ಅಂಟಿಗೆ ಹಿಮ ಹತ್ತಿ ಅಂಟುತ್ತಿರಲಿಲ್ಲ. ಹಿಮ ಕೆರೆಯಲು ಅವಳು ಬಲಗೈಯ ದಪ್ಪ ಕೈಗವಸು ತೆಗೆದು ಕಂಕುಳಲ್ಲಿ ಸಿಕ್ಕಿಸಿಕೊಂಡಳು. ಬಗ್ಗಿ ಪಟ್ಟಿ ಒತ್ತಿ ಏಳುವಾಗ ಕಂಕುಳು ಸಡಿಲವಾಯಿತು. ಗಾಳಿ ಅದಕ್ಕಾಗಿಯೇ ಕಾಯುತ್ತಿದ್ದ ಹಾಗೆ ಎತ್ತಿಕೊಂಡಿತು. ಕರಿಯ ಬೆಕ್ಕಿನ ಮರಿ ಓಡಿದಂತೆ ಕೈಗವಸು ಇಳಿಜಾರಿನಲ್ಲಿ ಎರಡು ಸಲ ಪುಟಿಯಿತು, ಆಮೇಲೆ ಬಿಳಿಯಲ್ಲಿ ಕಾಣೆಯಾಯಿತು. ಅವಳ ಕೈಯಲ್ಲಿ ಉಳಿದದ್ದು ಒಳಗಿನ ತೆಳು ಗವಸು ಮಾತ್ರ.

ನನ್ನ ಚೀಲದಲ್ಲಿ ಇನ್ನೊಂದು ಜೊತೆ ದಪ್ಪ ಗವಸು ಇತ್ತು. ಪ್ರತಿ ಸಲ ಒಯ್ಯುತ್ತೇನೆ. ಕೊಡಲೇ ಅಂದೆ.

ಬೇಡ, ನಿನಗೇ ಬೇಕಾಗುತ್ತದೆ ಅಂದಳು.

ಮತ್ತೆ ಕೇಳಿದೆ. ಈ ಗಾಳಿಯಲ್ಲಿ ಚೀಲ ಬಿಚ್ಚಬೇಡ, ಹಿಮ ತುಂಬಿಕೊಳ್ಳುತ್ತದೆ ಅಂದಳು.

ಮೂರನೇ ಸಲ ಚೀಲದ ಪಟ್ಟಿಗೆ ಕೈ ಹಾಕಿಕೊಂಡೇ ಕೇಳಿದೆ. ಅವಳು ಕೋಲು ಹಿಡಿದು ಆಗಲೇ ಹೆಜ್ಜೆ ಇಟ್ಟಿದ್ದಳು. "ಬೇಡ ಕಣೇ, ನಂಗೇನೂ ಆಗಿಲ್ಲ. ನಡಿ."

ಸರಿ ಎಂದು ಪಟ್ಟಿ ಬಿಟ್ಟೆ. ನಮ್ಮ ಮನೆಯವರು ಕನಕಪುರದ ಕಡೆಯ ಬೇಸಾಯಗಾರರು. ಅಜ್ಜನ ಕಾಲಕ್ಕೆ ತ್ಯಾಗರಾಜನಗರಕ್ಕೆ ಬಂದವರು. ನಮ್ಮಲ್ಲಿ ಪಂಕ್ತಿಯಲ್ಲಿ ಕೂತವರನ್ನು ಬಾಯಿ ಬಿಟ್ಟು ಕೇಳುತ್ತಾರೆ, ಬಾಯಿ ಬಿಟ್ಟು ಹೇಳಿದ್ದನ್ನು ಒಪ್ಪುತ್ತಾರೆ. ಮೊದಲ ಬೇಡ ನಾಚಿಕೆಯದಿರಬಹುದು, ಎರಡನೆಯದು ಮರ್ಯಾದೆಯದು, ಮೂರನೆಯದು ಹೊಟ್ಟೆಯದು. ಮೂರನೆಯದಾದ ಮೇಲೂ ಒತ್ತಾಯ ಮಾಡಿದರೆ ಅಜ್ಜಿ ಗದರುತ್ತಿದ್ದರು: ಉಣ್ಣುವವರ ಹೊಟ್ಟೆ ಉಣ್ಣುವವರಿಗೆ ಗೊತ್ತು. ಇಪ್ಪತ್ತಾರು ವರ್ಷ ನಾನು ಆ ಲೆಕ್ಕದಲ್ಲೇ ಬದುಕಿದ್ದೆ. ಗಾಳಿಯಲ್ಲಿ ನಿಂತು ಮೂರು ಸಲ ಕೇಳಿದೆ, ಮೂರು ಸಲ ಉತ್ತರ ಬಂತು, ಲೆಕ್ಕ ಮುಗಿಯಿತು.

ಅರ್ಧ ಗಂಟೆ ಹತ್ತಿರಬೇಕು. ಒಂದು ತಿರುವಿನಲ್ಲಿ ಹಿಂದೆ ನೋಡಿದಾಗ ಅವಳ ಬಲಗೈಯ ಕೋಲು ಕೈಯಲ್ಲಿರಲಿಲ್ಲ, ಮಣಿಕಟ್ಟಿನ ಪಟ್ಟಿಯಿಂದ ನೇತಾಡಿ ಹಿಮದಲ್ಲಿ ಎಳೆದುಕೊಂಡು ಬರುತ್ತಿತ್ತು. ಅವಳು ಅದನ್ನು ಗಮನಿಸಿರಲಿಲ್ಲ. ಕೋಲು ಬಿಟ್ಟದ್ದೇ ಕೈಗೆ ಗೊತ್ತಿಲ್ಲ.

ನಾನು ಇಳಿದು ಅವಳ ಹತ್ತಿರ ಹೋಗಿ ತೆಳು ಗವಸು ಎಳೆದೆ. ಅದು ಒಳಗೆ ಒದ್ದೆ, ಹೊರಗೆ ಗಡುಸು. ಹೆಬ್ಬೆರಳು ಕೆಂಪಗಿತ್ತು. ಕಿರುಬೆರಳೂ ಪರವಾಗಿಲ್ಲ. ನಡುವಿನ ಮೂರು ಬೆರಳುಗಳ ತುದಿ ಮೇಣದ ಬಣ್ಣಕ್ಕೆ ತಿರುಗಿತ್ತು. ತೋರುಬೆರಳನ್ನು ಒತ್ತಿದೆ, ಮೇಣದ ಬತ್ತಿ ಒತ್ತಿದ ಹಾಗಿತ್ತು. ಒತ್ತಿದ್ದು ತಿಳಿಯಿತೇ ಎಂದು ಕೇಳಿದೆ. ಅವಳು ನನ್ನ ಮುಖ ನೋಡಿದಳು, ಬೆರಳು ನೋಡಿದಳು, ಮತ್ತೆ ನನ್ನ ಮುಖ ನೋಡಿದಳು.

"ಯಾವಾಗ ಒತ್ತಿದೆ?" ಅಂದಳು.

ತಿರುಗುವ ಗಂಟೆ ಇನ್ನೂ ಆಗಿರಲಿಲ್ಲ. ತಗ್ಗು ಬೆನ್ನು ಹೆಚ್ಚೆಂದರೆ ಮುಕ್ಕಾಲು ಗಂಟೆಯ ದಾರಿ. ಇಷ್ಟು ದೂರ ಬಂದು ನನ್ನಿಂದಾಗಿ ನಿಲ್ಲಿಸಬೇಡ, ಒಂದು ಗಂಟೆ ತನಕ ಹೋಗೋಣ ಎಂದು ಅವಳು ಹೇಳಿದಳು. ಈ ಸಲ ನಾನು ಅಭಿಪ್ರಾಯ ಕೇಳಲಿಲ್ಲ. ನನ್ನ ಜಾಕೆಟ್ಟಿನ ಜಿಪ್ಪು ಇಳಿಸಿ ಅವಳ ಕೈಯನ್ನು ನನ್ನ ಕಂಕುಳಿಗೆ ತುರುಕಿದೆ. ಮೈ ಝುಮ್ಮೆಂದಿತು, ಬಾವಿಗೆ ಬಿದ್ದ ತಂಬಿಗೆಯನ್ನು ಅಪ್ಪಿಕೊಂಡಂತೆ. ಹಾಗೇ ಗಾಳಿಗೆ ಬೆನ್ನು ಕೊಟ್ಟು ನಿಂತೆವು. ಒಂದಿಷ್ಟು ಹೊತ್ತಾದ ಮೇಲೆ ಚೀಲ ಬಿಚ್ಚಿ, ಒಣ ಗವಸು ತೆಗೆದು, ಮಗುವಿಗೆ ತೊಡಿಸುವ ಹಾಗೆ ತೊಡಿಸಿದೆ. ಅವಳ ಸ್ಕೀಯ ಪಟ್ಟಿಗಳನ್ನೂ ನಾನೇ ಕಿತ್ತೆ. ಪೂರ್ತಿ ಬೆಚ್ಚಗಾಗಿಸುವುದು ಅಲ್ಲಿ ಆಗದ ಕೆಲಸ, ಮಾಡಲೂಬಾರದು. ಬಿಸಿಯಾದದ್ದು ಮತ್ತೆ ಹೆಪ್ಪುಗಟ್ಟಿದರೆ ಬೆರಳೇ ಹೋಗುತ್ತದೆ. ಗುಡಿಸಲಿಗೆ ಹೋಗಬೇಕು, ಬೇಗ ಹೋಗಬೇಕು, ಬೀಳದೆ ಹೋಗಬೇಕು.

ಬಸವನಗುಡಿಯ ಇಳಿಜಾರಿನಲ್ಲಿ ಬ್ರೇಕ್ ಇಲ್ಲದೆ ಇಳಿದವಳಿಗೆ ಇಳಿಯುವುದು ಕಷ್ಟವಲ್ಲ. ಕಾಣದೆ ಇಳಿಯುವುದು ಬೇರೆ ವಿದ್ಯೆ. ಆಕಾಶವೂ ನೆಲವೂ ಒಂದೇ ಬಿಳುಪಾದಾಗ ಕಣ್ಣು ಸುಳ್ಳು ಹೇಳತೊಡಗುತ್ತದೆ: ನಿಂತಿದ್ದೇನೆ ಅಂದುಕೊಂಡಾಗ ಜಾರುತ್ತಿರುತ್ತೀರಿ, ಜಾರುತ್ತಿದ್ದೇನೆ ಅಂದುಕೊಂಡಾಗ ನಿಂತಿರುತ್ತೀರಿ. ತರಬೇತಿಯಲ್ಲಿ ಕಲಿಸಿದ ಉಪಾಯ ಸರಳ. ಹಿಮದ ಉಂಡೆ ಮಾಡಿ ಮುಂದೆ ಎಸೆಯುವುದು. ಅದು ಎಲ್ಲಿ ಬಿದ್ದು ನಿಲ್ಲುತ್ತದೋ ಅಲ್ಲಿ ನೆಲವಿದೆ, ಉರುಳಿದರೆ ಇಳಿಜಾರಿದೆ, ಕಾಣದೇ ಹೋದರೆ ಅಲ್ಲಿಗೆ ಹೋಗಬಾರದು. ನಾನು ದಿಕ್ಸೂಚಿ ನೋಡಿಕೊಂಡು, ಉಂಡೆ ಎಸೆದು, ಅದರವರೆಗೆ ಅಡ್ಡಡ್ಡ ಜಾರಿ, ನಿಂತು ಕೂಗುತ್ತಿದ್ದೆ. ಅವಳು ನನ್ನ ಕಿತ್ತಳೆ ಜಾಕೆಟ್ಟನ್ನು ನೋಡಿಕೊಂಡು ಒಂದೇ ಕೋಲಿನಲ್ಲಿ ಬರುತ್ತಿದ್ದಳು. ಬಲಗೈ ಜಾಕೆಟ್ಟಿನೊಳಗೆ. ನಾಲ್ಕೈದು ಉಂಡೆ ಆದ ಮೇಲೆ ಲಯ ಸಿಕ್ಕಿತು. ಒಂದು ಉಂಡೆ ಮಾತ್ರ ಕಾಣದೇ ಹೋಯಿತು. ಎಡಕ್ಕೆ ತಿರುಗಿ ಇನ್ನೊಂದು ಎಸೆದೆ, ಅದು ನಿಂತಿತು. ಅವಳು ಹಿಂದಿನಿಂದ, ಗಾಂಧಿಬಜಾರಿನಲ್ಲಿ ಬದನೆಕಾಯಿ ಆರಿಸೋಕೂ ನೀನು ಇಷ್ಟೇ ಹೊತ್ತು ತಗೋತೀಯ ಎಂದು ಕೂಗಿದಳು. ಮೊದಲ ಮರದ ಕಪ್ಪು ಕಾಂಡ ಬಿಳುಪಿನಿಂದ ಹೊರಬಂದಾಗ ಅದು ನಾನು ಎಣಿಸಿದ್ದ ಜಾಗದಲ್ಲೇ ಇತ್ತು. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಗುಡಿಸಲಿನ ಬಾಗಿಲಿಗೆ ಅರ್ಧದಷ್ಟು ಹಿಮ ಬಂದಿತ್ತು. ಸಲಿಕೆಯಲ್ಲಿ ಎಳೆದು ಒಳಗೆ ಹೋದೆವು. ಗಾಳಿ ಹೊರಗೇ ಉಳಿಯಿತು. ಚೀಲದಲ್ಲಿದ್ದ ಸಣ್ಣ ಸ್ಟೌ ಹಚ್ಚಿ, ಹಿಮ ಕರಗಿಸಿ, ನೀರನ್ನು ಮೊಣಕೈ ಅದ್ದಿ ನೋಡಿದೆ, ಬಾಣಂತಿಯ ಮಗುವಿಗೆ ನೀರು ಹದ ನೋಡುವ ಹಾಗೆ. ಉಜ್ಜಬಾರದು, ಬೆಂಕಿಗೆ ಹಿಡಿಯಬಾರದು, ಉಗುರುಬೆಚ್ಚಗಿನ ನೀರಿನಲ್ಲಿ ಇಡಬೇಕು. ನಮ್ಮಲ್ಲಿದ್ದದ್ದು ಒಂದೇ ಪಾತ್ರೆ. ಅವಳು ಅದರಲ್ಲಿ ಬೆರಳು ಅದ್ದಿ, "ಇದ್ರಲ್ಲೇ ನಾಳೆ ಉಪ್ಪಿಟ್ಟು ಮಾಡ್ತೀಯಾ?" ಅಂದಳು.

ನೀರು ಆರಿದಂತೆ ಫ್ಲಾಸ್ಕಿನಿಂದ ಬಿಸಿನೀರು ಸೇರಿಸುತ್ತಾ ಕೂತೆ. ಬಹಳ ಹೊತ್ತು ಏನೂ ಆಗಲಿಲ್ಲ. ಏನೂ ಆಗದಿರುವುದೇ ಹೆದರಿಕೆಯ ವಿಷಯ ಎಂದು ಇಬ್ಬರಿಗೂ ಗೊತ್ತಿತ್ತು, ಅವಳಿಗೆ ನನಗಿಂತ ಹೆಚ್ಚು. ಅವಳು ಬೆರಳುಗಳನ್ನೇ ನೋಡುತ್ತಿದ್ದಳು. ಆಮೇಲೆ ಅವಳ ತುಟಿ ಬಿಗಿಯಾಯಿತು. ನೋವು ಶುರುವಾಗಿತ್ತು. ರಕ್ತ ಹಿಂತಿರುಗುವಾಗಿನ ನೋವು ಸಾಮಾನ್ಯದ್ದಲ್ಲ ಎಂದು ಓದಿದ್ದೆ, ನೋಡಿದ್ದು ಆಗಲೇ. ಕಣ್ಣಲ್ಲಿ ನೀರು ಇಳಿಯಿತು, ಕಾಲಿನಿಂದ ನೆಲ ಒದ್ದಳು. ನಾನು ಅವಳ ಮಣಿಕಟ್ಟು ಬಿಡಲಿಲ್ಲ.

"ಏನಿಲ್ಲ," ಅಂದೆ, "ಇರುವೆ ಕಚ್ಚಿದ ಹಾಗಾಗತ್ತೆ ಅಷ್ಟೆ."

ಅದು ಅವಳು ಪ್ರತಿ ಇಂಜೆಕ್ಷನ್ನಿಗೂ ಹೇಳುವ ಮಾತು.

"ಬಾಯಿ ಮುಚ್ಚೇ."

"ನಿನ್ನ ಸರ್ವೀಸಲ್ಲಿ ಯಾರಿಗಾದ್ರೂ ಬಾಯಿ ಮುಚ್ಚು ಅಂದಿದ್ದು ಇದೇ ಮೊದ್ಲಿರ್ಬೇಕು."

ಅಳುತ್ತಲೇ ನಕ್ಕಳು. ಉಂಗುರ ಬೆರಳು ಮೊದಲು ಕೆಂಪಾಯಿತು, ಬೇಗ. ತೋರುಬೆರಳು ಮತ್ತು ನಡುಬೆರಳು ನಿಧಾನವಾಗಿ, ತೇಪೆ ತೇಪೆಯಾಗಿ. ಬಣ್ಣ ಬಂದರೂ ತುದಿಯಲ್ಲಿ ಏನೂ ತಿಳಿಯುತ್ತಿಲ್ಲ ಅಂದಳು. ಒಣಗಿಸಿ, ಬೆರಳುಗಳ ನಡುವೆ ಬಟ್ಟೆ ಇಟ್ಟು ಸಡಿಲವಾಗಿ ಸುತ್ತಿದೆ. ಚಹಾ ಮಾಡಿ ಅವಳ ಎಡಗೈಗೆ ಕೊಟ್ಟೆ. ಅದನ್ನು ಕುಡಿಯುತ್ತಾ ಅವಳು ಕೇಳಿದಳು, ಸಿಟ್ಟಿನಿಂದಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂದು.

"ನಾನು ಬೇಡ ಅಂದ್ರೆ ನೀನು ಬಿಟ್ಬಿಡೋದಾ?"

"ಮೂರು ಸಲ ಕೇಳಿದ್ನಲ್ಲ."

"ನಮ್ಮನೇಲಿ ಕೇಳಲ್ಲ ಕಣೇ. ಬಡಿಸ್ತಾರೆ."

ಅವಳ ಮನೆಯಲ್ಲಿ ನಾನು ಊಟ ಮಾಡಿದ್ದೆಲ್ಲ ಆಗ ಕಣ್ಣ ಮುಂದೆ ಬಂತು. ಬೇಡ ಬೇಡ ಎಂದು ಎಲೆಯ ಮೇಲೆ ಕೈ ಅಡ್ಡ ಇಟ್ಟರೆ ಅವಳ ತಾಯಿ ಬೆರಳ ಸಂದಿಯಲ್ಲೇ ತುಪ್ಪ ಬಿಡುತ್ತಾರೆ. ಆ ಮನೆಯಲ್ಲಿ ಯಾರೂ ಯಾವುದಕ್ಕೂ ಬೇಕು ಎನ್ನುವುದಿಲ್ಲ. ಬೇಕು ಎನ್ನುವುದು ಕಡಿಮೆ ಬಿತ್ತು ಎಂದು ದೂರಿದಂತೆ. ಬೇಡ ಎನ್ನುತ್ತಲೇ ಇರುವುದು ಕೂತವರ ಧರ್ಮ, ಬಡಿಸುತ್ತಲೇ ಇರುವುದು ನಿಂತವರ ಧರ್ಮ. ನಾನು ಅದನ್ನು ಉಪಚಾರ ಜಾಸ್ತಿ ಎಂದು ನಗುತ್ತಿದ್ದೆ. ಅವಳು ನಮ್ಮ ಮನೆಯಲ್ಲಿ ಎಷ್ಟು ಸಲ ಅರ್ಧ ಹೊಟ್ಟೆಯಲ್ಲಿ ಎದ್ದಿದ್ದಾಳೆ ಎಂದು ಆಗ ಮೊದಲ ಬಾರಿಗೆ ಯೋಚಿಸಿದೆ. ಕೇಳಿದೆ ಕೂಡ. ಸುಮಾರು ಸಲ ಅಂದಳು. ಆಮೇಲೆ ದಾರಿಯಲ್ಲಿ ಇಡ್ಲಿ ತಿಂದು ಮನೆಗೆ ಹೋಗುತ್ತಿದ್ದಳಂತೆ. ನಾನು ಕೇಳಿದ್ದು ನಮ್ಮ ರೀತಿ, ಅವಳು ಹೇಳಿದ್ದು ಅವರ ರೀತಿ. ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ ಒಳ್ಳೆಯ ಮಕ್ಕಳೇ.

ಆಗಲೇ ಒಂದು ನಿಯಮ ಮಾಡಿದೆವು: ಗುಡ್ಡದ ಮೇಲೆ ಕೇಳುವುದಿಲ್ಲ, ಕೊಡುತ್ತೇವೆ. ಕೊಟ್ಟದ್ದನ್ನು ತೆಗೆದುಕೊಳ್ಳಬೇಕು. ಇಂದಿಗೂ ಪಾಲಿಸುತ್ತೇವೆ.

ಹಳ್ಳಿಗೆ ಇಳಿದದ್ದು ಬೆಳಕಿರುವಾಗಲೇ. ಮರಗಳ ನಡುವೆ ಗಾಳಿ ಇರಲಿಲ್ಲ. ಮಾರನೆಯ ದಿನ ಪಟ್ಟಣದ ಡಾಕ್ಟರು ಬೆರಳು ನೋಡಿ, ಹೊರ ಚರ್ಮಕ್ಕಷ್ಟೇ ಆದಂತಿದೆ, ಕತ್ತರಿಸುವ ಮಾತಿಲ್ಲ ಅಂದರು. ಸ್ಪರ್ಶದ ವಿಷಯ ಮಾತ್ರ ಹೇಳಲು ಆಗುವುದಿಲ್ಲ, ವಾರಗಳು ಬೇಕು, ಕೆಲವರಿಗೆ ಪೂರ್ತಿ ಬರುತ್ತದೆ, ಕೆಲವರಿಗೆ ಸ್ವಲ್ಪ ಮೊಂಡಾಗಿಯೇ ಉಳಿಯುತ್ತದೆ. ನಿಮ್ಮ ಕೆಲಸವೇನು ಎಂದು ಕೇಳಿದರು. ಅವಳು ಹೇಳಿದಳು. ಅವರು ಆ ಬೆರಳುಗಳನ್ನು ಇನ್ನೊಮ್ಮೆ ದೀಪದ ಹತ್ತಿರ ಹಿಡಿದು ನೋಡಿದರು.

ಚಾಮರಾಜಪೇಟೆಯ ಮನೆಯಲ್ಲಿ ತಾಯಿ ಅತ್ತರು. ತಂದೆ ಕಟ್ಟು ನೋಡಿ, ಕನ್ನಡಕ ಸರಿ ಮಾಡಿಕೊಂಡು ನನ್ನ ಕಡೆ ತಿರುಗಿದರು. "ಹತ್ತಿ ಹಾಕ್ಕೊಂಡಿದ್ರೆ ಹೀಗಾಗ್ತಿರ್ಲಿಲ್ಲ ಅಲ್ವೇನಮ್ಮ?" ನಾನು ಹೌದು ಅಂದೆ. ಅದು ವಾದಿಸುವ ಸಮಯವಲ್ಲ.

ಗೆಳತಿಯ ಹೆಸರಿನ ಬೋರ್ಡನ್ನು ತೆಗೆದು ಒಳಗಿಟ್ಟರು. ಅವಳ ಜೊತೆಗೆ ಓದಿದವಳೊಬ್ಬಳು ಸಂಜೆ ಹೊತ್ತು ಬಂದು ಕ್ಲಿನಿಕ್ ನೋಡಿಕೊಳ್ಳಲು ಒಪ್ಪಿದಳು. ಗೆಳತಿ ರೋಗಿಗಳ ಜೊತೆ ಮಾತಾಡುತ್ತಿದ್ದಳು, ಚೀಟಿ ಬರೆಯುತ್ತಿದ್ದಳು, ಕಡ್ಡಿ ಹಿಡಿಯುತ್ತಿರಲಿಲ್ಲ. ಬೊಕ್ಕೆ ಎದ್ದು, ಒಣಗಿ, ಹಳೆಯ ಚರ್ಮ ಸುಲಿಯಿತು. ಒಳಗಿನಿಂದ ಎಳೆಯ ಗುಲಾಬಿ ಬೆರಳು ಬಂತು, ನೋಡಲು ಚೆನ್ನಾಗಿತ್ತು, ಆದರೆ ದೋಸೆಯ ಮೇಲೆ ಇಟ್ಟರೂ ಬಿಸಿ ತಿಳಿಯುತ್ತಿರಲಿಲ್ಲ.

ಮಾರ್ಚಿನಲ್ಲಿ ಅವಳ ತಂದೆ ಒಂದು ಕೆಲಸ ಶುರು ಮಾಡಿದರು. ಹತ್ತಿ ವ್ಯಾಪಾರದಲ್ಲಿ ಎಳೆಯ ಉದ್ದವನ್ನು ಬೆರಳಿನಲ್ಲೇ ನೋಡುತ್ತಾರೆ. ಒಂದು ಚಿಟಿಕೆ ಹತ್ತಿಯನ್ನು ಎರಡೂ ಕೈಯ ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆಯುವುದು. ಉದ್ದ ಎಳೆಯದು ಬಿಡಲು ಸತಾಯಿಸುತ್ತದೆ, ಗಿಡ್ಡದ್ದು ಸುಮ್ಮನೆ ಬಿಟ್ಟುಕೊಡುತ್ತದೆ. ಚಿಕ್ಕವಳಿದ್ದಾಗ ಅವಳಿಗೆ ಇದನ್ನು ಕಲಿಸಿದ್ದರಂತೆ. ಹಲ್ಲಿನ ಕಾಲೇಜಿಗೆ ಹೋದ ಮೇಲೆ ಬಿಟ್ಟುಹೋಗಿತ್ತು. ಈಗ ಪ್ರತಿ ಸಂಜೆ ಅಂಗಡಿ ಮುಚ್ಚಿ ಬರುವಾಗ ಅವರು ಜೇಬಿನಲ್ಲಿ ಪೊಟ್ಟಣ ಕಟ್ಟಿಕೊಂಡು ಬರುತ್ತಿದ್ದರು. ಅವಳು ಕಣ್ಣು ಮುಚ್ಚಿ ಕೂರಬೇಕು. ಅವರು ಬೆರಳಿಗೆ ಹತ್ತಿ ಕೊಡಬೇಕು. ಉದ್ದವೋ ಗಿಡ್ಡವೋ ಹೇಳಬೇಕು.

ನಾನು ಕೆಲಸ ಮುಗಿಸಿ ಮಲ್ಲೇಶ್ವರದಿಂದ ಬರುವಾಗ ದಾರಿಯಲ್ಲಿ ಇಳಿದು, ಜಗಲಿಯಲ್ಲಿ ಕೂತು ಸರಿ ತಪ್ಪು ಗುರುತು ಹಾಕುತ್ತಿದ್ದೆ. ಮೊದಲ ವಾರ ಅರ್ಧಕ್ಕರ್ಧ. ಎಂದರೆ ಅವಳು ಊಹಿಸುತ್ತಿದ್ದಳು, ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು. ಅದನ್ನು ನಾನು ಅವಳಿಗೆ ಹೇಳಿಬಿಟ್ಟೆ. ಲೆಕ್ಕದಲ್ಲಿ ದಾಕ್ಷಿಣ್ಯ ಮಾಡಬಾರದು. ಅವಳಿಗೆ ಬೇಜಾರಾಯಿತು, ಮಾರನೆಯ ದಿನ ಕೂರುವುದಿಲ್ಲ ಅಂದಳು. ಅವಳ ತಂದೆ ಬೇಡವೇ ಎಂದು ಕೇಳಲಿಲ್ಲ; ಪೊಟ್ಟಣ ಬಿಚ್ಚಿ ಅವಳ ಬೆರಳ ನಡುವೆ ಹತ್ತಿ ಇಟ್ಟರು. ಎರಡನೇ ವಾರವೂ ಅಷ್ಟೇ. ಮೂರನೇ ವಾರ ಒಂದು ಸಂಜೆ ಸಾಲಾಗಿ ಆರು ಸರಿ ಬಂತು. ಅವರು ಒಳಗೆ ಹೋಗಿ, ದಿನವೂ ತರುತ್ತಿದ್ದದ್ದಕ್ಕಿಂತ ಉದ್ದದಲ್ಲಿ ಒಂದಕ್ಕೊಂದು ಹತ್ತಿರವಿದ್ದ ಎರಡು ಜಾತಿಯ ಹತ್ತಿಯನ್ನು ತಂದರು. ಅದರಲ್ಲಿ ತಪ್ಪಿದಳು, ಬಹಳ ಸಲ ತಪ್ಪಿದಳು. ಆದರೆ ಆ ದಿನದಿಂದ ತಪ್ಪುಗಳಿಗೂ ಒಂದು ರೀತಿ ಇತ್ತು; ಗಿಡ್ಡದ್ದನ್ನು ಉದ್ದ ಅನ್ನುತ್ತಿದ್ದಳೇ ಹೊರತು ಉದ್ದವನ್ನು ಗಿಡ್ಡ ಅನ್ನುತ್ತಿರಲಿಲ್ಲ. ಊಹಿಸುವವರು ಎರಡೂ ಕಡೆಗೆ ತಪ್ಪುತ್ತಾರೆ. ಇದನ್ನೂ ಹೇಳಿದೆ.

ಏಪ್ರಿಲ್ ಕೊನೆಯ ಒಂದು ಭಾನುವಾರ ಬೆಳಗ್ಗೆ ಫೋನು ಮಾಡಿ ಕ್ಲಿನಿಕ್ಕಿಗೆ ಬಂದ್ಬಿಡು ಅಂದಳು. ರೋಗಿಗಳು ಇರಲಿಲ್ಲ. ಕುರ್ಚಿಯ ಮೇಲಿನ ದೀಪ ಹೊತ್ತಿತ್ತು. ಗವಸು, ಮುಖಗವಸು ಹಾಕಿಕೊಂಡು ಅವಳು ಸಿದ್ಧವಾಗಿದ್ದಳು, ಕೂರು ಅಂದಳು. ಬೇರೆಯವರ ಬಾಯಿಗೆ ಕೈ ಹಾಕುವ ಮೊದಲು ಗೊತ್ತಿರುವವರ ಬಾಯಲ್ಲಿ ನೋಡಬೇಕು, ಸುಳ್ಳು ಸಮಾಧಾನ ಹೇಳದವರು ಬೇಕು, ಅದಕ್ಕೆ ನೀನೇ ಅಂದಳು. ಕಡ್ಡಿಯನ್ನು ಎತ್ತಿಕೊಂಡು, ಕೆಳಗಿಟ್ಟು, ಮತ್ತೆ ಎತ್ತಿಕೊಂಡಳು. ತಾಯಿ ಒಳಬಾಗಿಲಲ್ಲಿ ನಿಂತಿದ್ದರು, ಸೆರಗನ್ನು ಬಾಯಿಗೆ ಹಿಡಿದುಕೊಂಡು.

ನಾನು ಬಾಯಿ ತೆರೆದೆ. ಹೇಳದೇ ಇದ್ದ ಒಂದು ವಿಷಯ ನನ್ನಲ್ಲಿತ್ತು. ಯುಗಾದಿಯ ಹೊತ್ತಿಗೇ ಬಲಗಡೆಯ ಕೆಳಗಿನ ಒಂದು ದವಡೆ ಹಲ್ಲ ಮೇಲೆ ಉಗುರು ಸಿಕ್ಕದಷ್ಟು ಸಣ್ಣ ಒರಟು ನಾಲಿಗೆಗೆ ತಾಗುತ್ತಿತ್ತು. ಕನ್ನಡಿಯಲ್ಲಿ ಎಷ್ಟು ನೋಡಿದರೂ ಕಾಣುತ್ತಿರಲಿಲ್ಲ. ಇಂಥ ಒಂದು ದಿನ ಬರುತ್ತದೆ ಎಂದು ಎಣಿಸಿ, ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ.

ಅವಳು ಎಡಗಡೆಯಿಂದ ಶುರು ಮಾಡಿದಳು. ಕಡ್ಡಿ ಹಲ್ಲಿನಿಂದ ಹಲ್ಲಿಗೆ ಹೋಗುತ್ತಿತ್ತು. ಮೊದಮೊದಲು ಹೆಚ್ಚು ಒತ್ತುತ್ತಿದ್ದಳು, ಆಮೇಲೆ ಹಗುರಾಯಿತು. ಮೇಲಿನ ಸಾಲು ಮುಗಿಯಿತು. ಕೆಳಗಿನ ಎಡಗಡೆ ಮುಗಿಯಿತು. ಮುಂದಿನ ಹಲ್ಲು ದಾಟಿ ಬಲಕ್ಕೆ ಬಂದಳು. ಆ ಹಲ್ಲಿನ ಮೇಲೆ ಕಡ್ಡಿ ಒಮ್ಮೆ ಹರಿದು ಮುಂದಿನದಕ್ಕೆ ಹೋಯಿತು. ನಾನು ಚಾವಣಿಯ ಫ್ಯಾನು ನೋಡುತ್ತಾ ಮುಖದಲ್ಲಿ ಏನೂ ತೋರಿಸದೆ ಮಲಗಿದ್ದೆ. ಕೊನೆಯ ಹಲ್ಲಿನ ಮೇಲೆ ಕಡ್ಡಿ ನಿಂತಿತು. ಅಲ್ಲಿಂದ ಹಿಂದಕ್ಕೆ ಬಂತು. ಅದೇ ಜಾಗದಲ್ಲಿ ಒಮ್ಮೆ, ಇನ್ನೊಮ್ಮೆ, ಬಹಳ ನಿಧಾನವಾಗಿ. ಅವಳು ಕಣ್ಣು ಮುಚ್ಚಿದ್ದಳು.

"ಇಲ್ಲೊಂದಿದೆ," ಅಂದಳು. "ಮೆತ್ತಗಿದೆ. ಸಾಸಿವೆ ಕಾಳಷ್ಟೂ ಇಲ್ಲ. ಎಷ್ಟು ದಿನದಿಂದ ಇದು?"

ಬಾಯೊಳಗೆ ಅವಳ ಎರಡು ಬೆರಳು, ಒಂದು ಕನ್ನಡಿ, ಒಂದು ಕಡ್ಡಿ ಇದ್ದವು. ಉತ್ತರ ಹೇಳಲು ಆಗಲಿಲ್ಲ. ಅವಳಿಗೂ ಅದು ಬೇಕಿರಲಿಲ್ಲ. ಮುಖಗವಸಿನ ಮೇಲೆ ಕಣ್ಣು ಒದ್ದೆಯಾಗಿತ್ತು. ಒಳಬಾಗಿಲ ಕಡೆ ತಿರುಗಿ, ಅಮ್ಮಾ, ನಾಳೆಯಿಂದ ನನ್ನ ಬೋರ್ಡ್ ಮತ್ತೆ ಹಾಕ್ಬಿಡು ಅಂದಳು; ಆಮೇಲೆ ನನ್ನ ಹಲ್ಲು ಕೊರೆಯಲು ಯಂತ್ರ ಎತ್ತಿಕೊಂಡಳು.